ಹಳೇ ಸಿನಿಮಾ, ಚಿಕ್ಕ ಸಿನಿಮಾ ಮುಂಬೈ ಪರದೆಗೆ ಬರೋದು ಹೇಗೆ, ಬರದೇ ಇರೋದು ಯಾಕೆ

ಮುಂಬೈ ಕನ್ನಡದವರ ಯಾವ ವಾಟ್ಸಾಪ್ ಗ್ರೂಪ್ ನೋಡಿದ್ರೂ ಆಗಾಗ ಈ ಮಾತು ಬಂದೇ ಬರುತ್ತೆ. ಡೊಂಬಿವ್ಲಿಯಿಂದ ಮೀರಾರೋಡ್ ತನಕ ಇಷ್ಟೊಂದು ಜನ ಇದ್ದೀವಿ, ಆದ್ರೂ ಒಂದು ಒಳ್ಳೇ ಕನ್ನಡ ಸಿನಿಮಾ ಬಂದ್ರೆ ಭಾನುವಾರ ಬೆಳಗ್ಗೆ ಒಂದೇ ಶೋ, ಅದೂ ನಮ್ಮನೆಯಿಂದ ಎರಡು ಟ್ರೈನ್ ಬದಲಾಯಿಸೋ ಜಾಗದಲ್ಲಿ, ಯಾಕೆ? ಇನ್ನು ಎಪ್ಪತ್ತರ ದಶಕದ ಸಿನಿಮಾನ ದೊಡ್ಡ ಪರದೆ ಮೇಲೆ ನೋಡ್ಬೇಕು ಅಂದ್ರಂತೂ ಮಾತೇ ಇಲ್ಲ. ಆಮೇಲೆ ಎಲ್ರೂ ಸೇರಿ ಥಿಯೇಟರಿನವ್ರನ್ನ ಬೈಯೋದು, ದುಡ್ಡಿನ ಆಸೆ, ಹಿಂದಿಯವ್ರಿಗೆ ಮಾತ್ರ ಶೋ ಕೊಡ್ತಾರೆ, ಹೀಗೆ.

ನಾನು ಊರಿನ ಕೆಲವು ಗೆಳೆಯರ ಜೊತೆ ಸೇರಿ ಇಲ್ಲಿ ಕನ್ನಡ ಸಿನಿಮಾ ಶೋ ಮಾಡಿಸೋ ಕೆಲಸದಲ್ಲಿ ಓಡಾಡ್ತಾ ಇರ್ತೀನಿ. ಅಲ್ಲಿ ಕಂಡಿದ್ದು ಏನಂದ್ರೆ, ಥಿಯೇಟರಿನವ್ರು ಈ ಸಾಲಿನಲ್ಲಿ ಕೊನೇಲಿ ನಿಂತವ್ರು. ಅವ್ರ ಹತ್ರ ಹೋಗೋಕೆ ಮುಂಚೆ ಸಿನಿಮಾದ ಹಕ್ಕು ಯಾರ ಹತ್ರ ಇದೆ, ತೋರ್ಸೋಕೆ ಪ್ರಿಂಟ್ ಅಂತ ಏನಾದ್ರೂ ಉಳಿದಿದ್ಯಾ, ಡಿಜಿಟಲ್ ಫೈಲು ಆದ್ರೆ ಅದರ ಬೀಗ ತೆಗೆಯೋ ಕೀ ಯಾರು ಕೊಡ್ತಾರೆ, ಇದೆಲ್ಲ ಇತ್ಯರ್ಥ ಆಗ್ಬೇಕು. ಬಹಳ ಸಿನಿಮಾ ಅಲ್ಲೇ ನಿಂತು ಹೋಗುತ್ತೆ, ಥಿಯೇಟರ್ ಬಾಗಿಲ ತನಕ ಬರೋದೇ ಇಲ್ಲ.

ಮೊದ್ಲು ಒಂದು ಗೊಂದಲ ಬಿಡಿಸ್ತೀನಿ. ಈಚೆಗೆ ಎಲ್ಲ ಕಡೆ ರೀ-ರಿಲೀಸ್ ಜೋರು. ತುಂಬಾಡ್ 2018ರಲ್ಲಿ ಬಂದಾಗ ಸಾಧಾರಣ ಓಡಿದ್ದು, 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಜಾಸ್ತಿ ಕಲೆಕ್ಷನ್ ಮಾಡ್ತು. ಇದನ್ನ ನೋಡಿ ಜನ ಕೇಳ್ತಾರೆ, ಅದಕ್ಕೆ ಆಗುತ್ತೆ ನಮ್ಮ ಹಳೇ ಕನ್ನಡ ಸಿನಿಮಾಕ್ಕೆ ಯಾಕೆ ಆಗಲ್ಲ ಅಂತ. ಎರಡೂ ಬೇರೆ ಬೇರೆ ಕಥೆ. 2018ರ ಸಿನಿಮಾದ ಡಿಜಿಟಲ್ ಫೈಲು ಮೊದ್ಲಿಂದ್ಲೇ ರೆಡಿ ಇರುತ್ತೆ, ಪ್ರೊಡ್ಯೂಸರ್ ಇದ್ದಾರೆ, ಡಿಸ್ಟ್ರಿಬ್ಯೂಟರ್ ಇದ್ದಾರೆ, ಹೊಸ ದೊಡ್ಡ ಸಿನಿಮಾ ಇಲ್ಲದ ವಾರ ನೋಡಿ ಅದೇ ದಾರೀಲಿ ಮತ್ತೊಮ್ಮೆ ಬಿಟ್ರೆ ಆಯ್ತು. ಇನ್ನೊಂದು ಥರದ್ದು, ಯಾರೋ ಆಸಕ್ತಿ ಇರೋರು ಹಳೇ ಸಿನಿಮಾ ಹುಡುಕಿ, ರಿಪೇರಿ ಮಾಡ್ಸಿ, ಆರಿಸಿ ತೋರ್ಸೋದು. 2022ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್‌ಗೆ 80 ತುಂಬಿದಾಗ ಹಳೇ ಸಿನಿಮಾ ಉಳಿಸೋ ಕೆಲಸ ಮಾಡೋ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವ್ರು ಅವರ 11 ಸಿನಿಮಾನ 17 ಊರುಗಳಲ್ಲಿ ತೋರಿಸಿದ್ರಲ್ಲ, ಅದು ಈ ಜಾತಿಗೆ ಸೇರಿದ್ದು. ಇಲ್ಲಿ ವ್ಯಾಪಾರದ ದಾರಿ ಸಿದ್ಧ ಇರಲ್ಲ, ಪ್ರತಿ ಸಿನಿಮಾಕ್ಕೂ ಹೊಸದಾಗಿ ದಾರಿ ಕಡೀಬೇಕು. ಮರಾಠಾ ಮಂದಿರ್‌ನಲ್ಲಿ 1995ರ ಅಕ್ಟೋಬರ್‌ನಲ್ಲಿ ಶುರುವಾದ ಶಾರುಖ್-ಕಾಜೋಲ್ ಸಿನಿಮಾ ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆಯದ್ದು ಇವೆರಡೂ ಅಲ್ಲ, ಅದು ಬಿಡುಗಡೆ ಆದ ಮೇಲೆ ವರ್ಷಗಟ್ಟಲೆ ಅಲ್ಲೇ ಓಡಿದ ಸಿನಿಮಾ, ಅದರ ದಾರಿ ಇನ್ಯಾರಿಗೂ ಸಿಗಲ್ಲ.

ಈಗ ಕನ್ನಡದ ವಿಷಯ. ಸಿನಿಮಾ ವ್ಯಾಪಾರದವ್ರ ಹತ್ರ ಇಂಡಿಯಾದ ಒಂದು ಬೇರೆ ನಕ್ಷೆ ಇದೆ. ಹಿಂದಿ ಸಿನಿಮಾ ಹಂಚೋರು ದೇಶನ ಸರ್ಕಿಟ್ ಅಂತ ಭಾಗ ಮಾಡ್ಕೊಂಡಿದ್ದಾರೆ, ಆ ಗೆರೆಗಳು ಭಾಷೆ ಪ್ರಕಾರ ರಾಜ್ಯಗಳು ಆದ 1956ಕ್ಕೆ ಮುಂಚಿನವು. ಬಾಂಬೆ ಸರ್ಕಿಟ್ ಅಂದ್ರೆ ಮುಂಬೈ, ಗುಜರಾತ್, ಗೋವಾ ಅಷ್ಟೇ ಅಲ್ಲ, ಹಳೇ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ ಕಡೆಯೂ ಅದರೊಳಗೇ. ಕಲಬುರಗಿ, ಬೀದರ್, ರಾಯಚೂರು ನಿಜಾಮ್ ಸರ್ಕಿಟ್. ಕರ್ನಾಟಕದಲ್ಲಿ ಮಿಕ್ಕಿದ್ದು ಹೆಚ್ಚಾಗಿ ಮೈಸೂರು ಸರ್ಕಿಟ್. ಹಿಂದಿ ಸಿನಿಮಾಕ್ಕೆ ಮುಂಬೈ ಅಂದ್ರೆ ಎಲ್ಲಕ್ಕಿಂತ ಬೆಲೆಬಾಳೋ ಹೊಲ. ಅದೇ ಕನ್ನಡ ಸಿನಿಮಾಕ್ಕೆ ಹೊಲ ಇರೋದು ಕರ್ನಾಟಕದಲ್ಲಿ, ಮುಂಬೈ ಅನ್ನೋದು 'ಹೊರಗಿನ ರಾಜ್ಯ' ಅನ್ನೋ ಖಾತೇಲಿ ಬರೋ ಚಿಲ್ಲರೆ. ಬೆಂಗಳೂರಿನ ಡಿಸ್ಟ್ರಿಬ್ಯೂಟರ್‌ಗೆ ಇಲ್ಲಿ ಆಫೀಸ್ ಇರಲ್ಲ, ಪೋಸ್ಟರ್ ಹಚ್ಚೋರು ಇರಲ್ಲ. ಚಿಕ್ಕ ಸಿನಿಮಾ ಆದ್ರೆ ಮುಂಬೈಗೆ ಯಾರು ತರ್ಬೇಕು ಅನ್ನೋದೇ ಕೊನೇ ನಿಮಿಷದ ತನಕ ನಿರ್ಧಾರ ಆಗಿರಲ್ಲ. ದೊಡ್ಡ ಹೆಸರಿನ ಸಿನಿಮಾಗಳು ದೇಶ ಪೂರ್ತಿ ಒಟ್ಟಿಗೆ ಬಿಡ್ತಾರೆ, ಅವಕ್ಕೆ ಈ ತಾಪತ್ರಯ ಇಲ್ಲ. ಕಷ್ಟ ಇರೋದು ಮಧ್ಯದ ಮತ್ತು ಚಿಕ್ಕ ಸಿನಿಮಾಗಳಿಗೆ, ನಾವು ನೋಡ್ಬೇಕು ಅಂತಿರೋ ಸಿನಿಮಾ ಹೆಚ್ಚಿನವು ಅವೇ.

ದುಡ್ಡಿನ ಲೆಕ್ಕ ಒಂದು ಉದಾಹರಣೆ ಇಟ್ಟು ನೋಡೋಣ, ಇದು ಅರ್ಥ ಆದ್ರೆ ಅರ್ಧ ಸಿಟ್ಟು ಇಳಿಯುತ್ತೆ. ಟಿಕೆಟ್ 200 ರೂಪಾಯಿ, 60 ಜನ ಬಂದ್ರು ಅನ್ಕೊಳ್ಳಿ. ಒಟ್ಟು 12,000. ನೂರು ರೂಪಾಯಿ ಮೇಲಿನ ಟಿಕೆಟ್‌ಗೆ 18 ಪರ್ಸೆಂಟ್ ಜಿಎಸ್‌ಟಿ, ಅದು ಟಿಕೆಟ್ ಬೆಲೆಯ ಒಳಗೇ ಇರುತ್ತೆ, ತೆಗೆದ್ರೆ ಉಳಿಯೋದು ಹತ್ತು ಸಾವಿರ ಚಿಲ್ಲರೆ. ಈಗ ಪಾಲು. 2009ರಲ್ಲಿ ಹಿಂದಿ ಪ್ರೊಡ್ಯೂಸರ್‌ಗಳು ಮಲ್ಟಿಪ್ಲೆಕ್ಸ್‌ಗಳ ಮೇಲೆ ಮುಷ್ಕರ ಹೂಡಿದ ಮೇಲೆ ಆದ ಒಪ್ಪಂದದ ಪ್ರಕಾರ ಮೊದಲ ವಾರ ಡಿಸ್ಟ್ರಿಬ್ಯೂಟರ್‌ಗೆ 50 ಪರ್ಸೆಂಟ್, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಅಂದ್ರೆ ನಮ್ಮ ಶೋದಲ್ಲಿ ಅರ್ಧರ್ಧ ಹಂಚಿದ್ರೂ ಒಬ್ಬೊಬ್ಬರಿಗೆ ಐದು ಸಾವಿರದ ಮೇಲೆ ಒಂದಿಷ್ಟು. ಅದರಲ್ಲಿ ಸಿನಿಮಾ ತಂದವ್ರು, ಸಿನಿಮಾ ಫೈಲು ಥಿಯೇಟರ್‌ಗೆ ತಲುಪಿಸೋ ಡಿಜಿಟಲ್ ಕಂಪನಿಯ ಚಾರ್ಜ್ ಕಟ್ಬೇಕು, ಥಿಯೇಟರಿನವ್ರು ಏಸಿ, ಕರೆಂಟು, ಸಂಬಳ ನೋಡ್ಕೋಬೇಕು. 60 ಜನ ಇದ್ರೂ 300 ಜನ ಇದ್ರೂ ಏಸಿ ಒಂದೇ ಥರ ಉರಿಯುತ್ತೆ.

ಹಾಗಾಗಿ ಸಾಯಂಕಾಲದ ಶೋಗಳು ದೊಡ್ಡ ಸಿನಿಮಾಕ್ಕೆ ಹೋಗುತ್ತೆ, ದೊಡ್ಡ ಸಿನಿಮಾದವ್ರು ದಿನಕ್ಕೆ ಇಷ್ಟು ಶೋ ಕೊಟ್ರೆ ಮಾತ್ರ ಅಂತ ಪಟ್ಟು ಹಿಡಿದೇ ಮಾತಾಡೋದು. ಮಿಕ್ಕಿರೋದು ಬೆಳಗಿನ ಹೊತ್ತು. ರಜೆ ಇರೋ ಬೆಳಗ್ಗೆ ಅಂದ್ರೆ ಭಾನುವಾರ. ನಮ್ಮ ಪಾಲಿಗೆ ಬರೋದು ಅದು.

ಇಲ್ಲೇ ನನಗೆ ಬಹಳ ಬೇಜಾರಾಗೋದು. ಮುಂಬೈ ಕನ್ನಡದವ್ರಲ್ಲಿ ಎಷ್ಟು ಜನ ಹೋಟೆಲ್ ಕೆಲಸದಲ್ಲಿ ಇದ್ದಾರೆ ಅಂತ ನಮಗೆ ಗೊತ್ತಿರೋದೇ, ಮಾಲೀಕರಿಂದ ಹಿಡಿದು ಭಟ್ರು, ಸಪ್ಲೈಯರ್ ತನಕ. ಭಾನುವಾರ ಬೆಳಗ್ಗೆ ಹತ್ತು ಗಂಟೆ ಅಂದ್ರೆ ಮಾಟುಂಗಾದಲ್ಲಿ ಇಡ್ಲಿ ವಡೆಗೆ ಕ್ಯೂ ರಸ್ತೆ ತನಕ ಬಂದಿರುತ್ತೆ, ಕೌಂಟರ್ ಬಿಟ್ಟು ಯಾರು ಸಿನಿಮಾಕ್ಕೆ ಹೋಗ್ತಾರೆ? ಅವ್ರಿಗೆ ಬಿಡುವು ಸಿಗೋದು ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಾಯಂಕಾಲದ ಕಾಫಿ ಶುರುವಾಗೋ ತನಕ. ಅಂದ್ರೆ ಕನ್ನಡ ಸಿನಿಮಾಕ್ಕೆ ಸಿಗೋ ಒಂದೇ ಶೋ, ಕನ್ನಡ ಪ್ರೇಕ್ಷಕರಲ್ಲಿ ದೊಡ್ಡ ಗುಂಪಿಗೆ ಬರೋಕೆ ಆಗದೇ ಇರೋ ಹೊತ್ತಲ್ಲಿ ಇದೆ. ಜನ ಕಡಿಮೆ ಬರ್ತಾರೆ, ಕಡಿಮೆ ಬಂದ್ರು ಅಂತ ಮುಂದಿನ ಸಲವೂ ಅದೇ ಹೊತ್ತು ಕೊಡ್ತಾರೆ. ವಾರದ ದಿನ ಮಧ್ಯಾಹ್ನ ಮೂರು ಗಂಟೆಗೆ ಯಾವ ಮಲ್ಟಿಪ್ಲೆಕ್ಸ್‌ಗೆ ಹೋದ್ರೂ ಸೀಟು ಖಾಲಿ ಹೊಡೀತಾ ಇರುತ್ತೆ, ಆ ಹೊತ್ತು ಕೇಳಿದ್ರೆ ಕೊಡೋ ಸಾಧ್ಯತೆ ಎಷ್ಟೋ ಜಾಸ್ತಿ. ಶೋ ಮಾಡಿಸೋ ಸಂಘಗಳು ಭಾನುವಾರದ ಅಭ್ಯಾಸ ಬಿಟ್ಟು ಮಂಗಳವಾರ ಮಧ್ಯಾಹ್ನ ಕೇಳ್ಬೇಕು ಅಂತ ನಾನು ಸಿಕ್ಕ ಸಿಕ್ಕ ಕಡೆ ಹೇಳ್ತಾ ಇರ್ತೀನಿ.

ಹಿಂದೆ ಇದಕ್ಕೆಲ್ಲ ಸಿಂಗಲ್ ಸ್ಕ್ರೀನ್ ಇತ್ತು. ಕಿಂಗ್ಸ್ ಸರ್ಕಲ್‌ನ ಅರೋರಾ ಟಾಕೀಸು ದಕ್ಷಿಣದ ಸಿನಿಮಾಕ್ಕೇ ಹೆಸರಾಗಿತ್ತು, ಸುತ್ತಮುತ್ತ ನಮ್ಮವ್ರೇ ಇದ್ದ ಜಾಗ. ಸಿಂಗಲ್ ಸ್ಕ್ರೀನ್‌ನಲ್ಲಿ ವಾರದ ಬಾಡಿಗೆ ಕಟ್ಟಿ ಹಾಲ್ ಹಿಡಿಯೋ ಪದ್ಧತಿ ಇತ್ತು, ಬಾಡಿಗೆ ಕಟ್ಟಿದ ಮೇಲೆ ಲಾಭ ನಷ್ಟ ತಂದವ್ರದ್ದು, ಮಾಲೀಕರಿಗೆ ಚಿಂತೆ ಇಲ್ಲ. ಈಗ ಅಂಥಾ ಹಾಲ್‌ಗಳು ಒಂದೊಂದಾಗಿ ಬಾಗಿಲು ಹಾಕ್ತಾ ಇವೆ, ದಾದರ್‌ನ ಚಿತ್ರಾ 2019ರಲ್ಲಿ ಮುಚ್ಚಿತು. ಉಳಿದಿರೋದ್ರಲ್ಲಿ ಕೊಲಾಬಾದ ರೀಗಲ್ 1933ರದ್ದು, ಮರೀನ್ ಲೈನ್ಸ್‌ನ ಲಿಬರ್ಟಿ 1949ರದ್ದು. ಅವನ್ನ ನೋಡಿದ್ರೆ ಈಗಲೂ ಕಣ್ಣು ತುಂಬುತ್ತೆ, ಆದ್ರೆ ಲಿಬರ್ಟಿಯಂಥಾ ಸಾವಿರದ ಮೇಲೆ ಸೀಟಿರೋ ಹಾಲ್‌ನಲ್ಲಿ 60 ಜನರ ಸಿನಿಮಾ ಹಾಕಿದ್ರೆ ಯಾರಿಗೂ ಗಿಟ್ಟಲ್ಲ.

ಸರಿ, ದುಡ್ಡು ಹೊಂದಿಸಿದ್ವಿ, ಹಾಲ್ ಸಿಕ್ತು. ಸಿನಿಮಾ ಎಲ್ಲಿದೆ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋ ಭಾಗ ಇದು.

ಹಳೇ ಸಿನಿಮಾ ಅಂದ್ರೆ 35 ಎಂಎಂ ರೀಲು. ನಿಮಿಷಕ್ಕೆ 90 ಅಡಿ ಓಡುತ್ತೆ, ಎರಡೂವರೆ ಗಂಟೆ ಸಿನಿಮಾ ಅಂದ್ರೆ 13,500 ಅಡಿ, ನಾಲ್ಕು ಕಿಲೋಮೀಟರ್‌ಗಿಂತ ಉದ್ದ. ಒಂದು ಪ್ರೊಜೆಕ್ಟರ್‌ನಲ್ಲಿ ರೀಲು ಮುಗೀತಾ ಬಂದಾಗ ಪರದೆಯ ಬಲಗಡೆ ಮೇಲಿನ ಮೂಲೇಲಿ ಒಂದು ಚುಕ್ಕಿ ಮಿನುಗಿ ಹೋಗುತ್ತೆ, ಅದು ಕಂಡ ತಕ್ಷಣ ಆಪರೇಟರ್ ಪಕ್ಕದ ಪ್ರೊಜೆಕ್ಟರ್ ಮೋಟರ್ ಶುರು ಮಾಡ್ತಾರೆ, ಎರಡನೇ ಚುಕ್ಕಿ ಬಂದ ಕೂಡ್ಲೇ ಅದಕ್ಕೆ ಬದಲಾಯಿಸ್ತಾರೆ, ಮಧ್ಯೆ ಹೆಚ್ಚು ಅಂದ್ರೆ ಏಳೆಂಟು ಸೆಕೆಂಡು. ಹಳೇ ಪ್ರಿಂಟಿಂದ ಮಾಡಿದ ಕಾಪಿ ಟಿವಿಯಲ್ಲಿ ಬಂದಾಗ ಈ ಚುಕ್ಕಿ ಈಗಲೂ ಕಾಣುತ್ತೆ, ಸುಮ್ನೆ ಒಮ್ಮೆ ಗಮನಿಸಿ.

ಆ ರೀಲು ಹಾಳಾಗೋದು ಬೇಗ. 1950ರ ಆಸುಪಾಸಿನ ತನಕ ಬಳಸ್ತಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಬೆಂಕಿ ಹಿಡಿಯುತ್ತೆ, 2003ರಲ್ಲಿ ಪುಣೆಯಲ್ಲಿ ಫಿಲ್ಮ್ ಆರ್ಕೈವ್‌ನ ನೈಟ್ರೇಟ್ ದಾಸ್ತಾನಿಗೆ ಬೆಂಕಿ ಬಿದ್ದು ಎಷ್ಟೋ ಹಳೇ ಸಿನಿಮಾ ಹೋಯ್ತು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಅಷ್ಟು ಸುಲಭವಾಗಿ ಬೆಂಕಿ ಹಿಡಿಯಲ್ಲ, ಆದ್ರೆ ಸೆಕೆ ಮತ್ತೆ ತೇವಕ್ಕೆ ಒಳಗಿಂದ ಕೊಳೆಯುತ್ತೆ, ಡಬ್ಬ ತೆಗೆದ್ರೆ ವಿನೆಗರ್ ವಾಸನೆ ಬರುತ್ತೆ, ಫಿಲ್ಮ್ ಕುಗ್ಗಿ ಸುರುಳಿ ಸುತ್ಕೊಳ್ಳುತ್ತೆ. ಮುಂಬೈ ಥರ ಸಮುದ್ರದ ಗಾಳಿ ಇರೋ ಊರಲ್ಲಿ ಮನೆ ಅಟ್ಟದ ಮೇಲೆ ಇಟ್ರೆ ಕೇಳೋದೇ ಬೇಡ. ಇದಲ್ಲದೇ ಕಪ್ಪು ಬಿಳುಪು ಫಿಲ್ಮ್‌ನಲ್ಲಿ ಚಿತ್ರ ಮೂಡೋದೇ ಬೆಳ್ಳಿಯಿಂದ, ಓಡೋದು ನಿಂತ ಪ್ರಿಂಟ್‌ಗಳನ್ನ ಆ ಬೆಳ್ಳಿ ತೆಗೆಯೋಕೆ ತೂಕಕ್ಕೆ ಮಾರಿದವ್ರು ಬಹಳ ಜನ. ನಮ್ಮ ಭಾಷೆಯಲ್ಲಿ ಬಿಡುಗಡೆಯಾದ ಮೊದಲ ಮಾತಿನ ಚಿತ್ರ ಸತಿ ಸುಲೋಚನಾ, 1934ರದ್ದು, ಶೂಟಿಂಗ್ ಆಗಿದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. 1931ರಲ್ಲಿ ಗಿರಗಾಂವ್‌ನ ಮೆಜೆಸ್ಟಿಕ್‌ನಲ್ಲಿ ಬಂದ ಆಲಂ ಆರಾದ್ದೂ ಅದೇ ಗತಿ. ದುಡ್ಡು ಎಷ್ಟು ಸುರಿದ್ರೂ ಇವನ್ನ ಯಾವ ಥಿಯೇಟರ್‌ನಲ್ಲೂ ನೋಡೋಕಾಗಲ್ಲ.

ಉಳಿದಿರೋದನ್ನ ಕಾಯ್ತಾ ಇರೋ ದೊಡ್ಡ ಜಾಗ ಪುಣೆಯ ಲಾ ಕಾಲೇಜ್ ರೋಡ್‌ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಎಲ್ರೂ ಆರ್ಕೈವ್ ಅಂತಾರೆ. 1964ರಲ್ಲಿ ಶುರುವಾಗಿದ್ದು, ಪಿ.ಕೆ. ನಾಯರ್ ಅನ್ನೋರು ಡಬ್ಬ ಡಬ್ಬ ಹುಡುಕಿ ತಂದು ಕಟ್ಟಿದ್ದು, 2022ರಿಂದ ಕೇಂದ್ರ ಸರ್ಕಾರದ ಸಿನಿಮಾ ನಿಗಮ ಎನ್‌ಎಫ್‌ಡಿಸಿ ಕೆಳಗೆ ಬಂದಿದೆ. ಅಲ್ಲೇ ಥಿಯೇಟರ್ ಇದೆ, ಹಳೇ ಸಿನಿಮಾ ತೋರ್ಸ್ತಾರೆ, ಪುಣೆಯಲ್ಲಿರೋ ಕನ್ನಡದವ್ರು ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತರು. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ, ಆರ್ಕೈವ್‌ನಲ್ಲಿ ನೆಗೆಟಿವ್, ಅಂದ್ರೆ ಪ್ರಿಂಟ್ ತೆಗೆಯೋ ಮೂಲ ಫಿಲ್ಮ್, ಇದೆ ಅಂದ ಮಾತ್ರಕ್ಕೆ ಹಕ್ಕು ಆರ್ಕೈವ್‌ದಾಗಲ್ಲ, ಅದು ಕಾಯೋ ಜಾಗ ಅಷ್ಟೇ.

ನೆಗೆಟಿವ್‌ನಿಂದ ತೋರಿಸೋ ಸ್ಥಿತಿಗೆ ತರೋದು ರೆಸ್ಟೊರೇಶನ್. ಎರಡು ಗಂಟೆ ಸಿನಿಮಾದಲ್ಲಿ ಸೆಕೆಂಡಿಗೆ 24ರಂತೆ 1,72,800 ಫ್ರೇಮ್. ಹರಿದಿದ್ದು, ಅಂಟಿಸಿದ್ದು ಎಲ್ಲ ಕೈಯಲ್ಲಿ ಸರಿ ಮಾಡಿ, ತೊಳೆದು, ಪ್ರತಿ ಫ್ರೇಮ್ ಸ್ಕ್ಯಾನ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಗೀರು, ಧೂಳು ತೆಗೀತಾರೆ. ಸೌಂಡ್ ಬೇರೆ ನೆಗೆಟಿವ್‌ನಲ್ಲಿ ಇರುತ್ತೆ, ಅದು ಕೆಟ್ಟಿದ್ರೆ ಎಲ್ಲೋ ಉಳಿದ ಪ್ರಿಂಟಿಂದ ಎತ್ತಬೇಕು. ಗಿರೀಶ್ ಕಾಸರವಳ್ಳಿಯವರ 1977ರ ಘಟಶ್ರಾದ್ಧಕ್ಕೆ ಈ ಭಾಗ್ಯ ಸಿಕ್ತು, ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವ್ರು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಜೊತೆ ಸೇರಿ ಮಾಡಿಸಿದ್ದು, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದ್ರು. ಒಂದು ಸಿನಿಮಾಕ್ಕೆ ಇಷ್ಟು ಕೈ ಸೇರ್ಬೇಕು ಅಂದ್ರೆ ಮಿಕ್ಕಿದ್ದು ಯಾಕೆ ಡಬ್ಬದಲ್ಲೇ ಇದೆ ಅಂತ ನೀವೇ ಯೋಚಿಸಿ.

ಹಕ್ಕಿನ ವಿಷಯ ಬೇಗ ಹೇಳ್ತೀನಿ. ನಮ್ಮ ಕಾನೂನಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. ರಾಜ್‌ಕುಮಾರ್ ಅವರ ಬೇಡರ ಕಣ್ಣಪ್ಪ 1954ರದ್ದು, ಅದರ ಅವಧಿ 2014ರ ಕೊನೆಗೆ ಮುಗೀತು. ಹಾಗಂತ ಯೂಟ್ಯೂಬ್‌ನಲ್ಲಿರೋ ಮಸುಕು ಕಾಪಿ ದೊಡ್ಡ ಪರದೆಗೆ ಹಾಕಿದ್ರೆ ಮುಖವೇ ಕಾಣಲ್ಲ, ಒಳ್ಳೇ ಪ್ರಿಂಟ್ ಇಟ್ಕೊಂಡವ್ರ ಹತ್ರ ಹೋಗಲೇಬೇಕು. ಅದಕ್ಕಿಂತ ಈಚಿನ ಸಿನಿಮಾ ಆದ್ರೆ ಪ್ರೊಡ್ಯೂಸರ್ ತೀರಿಕೊಂಡು ಮಕ್ಕಳು ಮೂರು ಕಡೆ ಇರ್ತಾರೆ, ಟಿವಿ ಹಕ್ಕು ಒಬ್ಬರಿಗೆ, ಆನ್‌ಲೈನ್ ಇನ್ನೊಬ್ಬರಿಗೆ ಮಾರಿ, ಥಿಯೇಟರ್ ಹಕ್ಕು ಯಾರ ಹತ್ರ ಅಂತ ಅವ್ರಿಗೇ ಸ್ಪಷ್ಟ ಇರಲ್ಲ. ಓಟಿಟಿ ಚಂದಾ ಇದೆ ಅಂತ ಲ್ಯಾಪ್‌ಟಾಪ್ ಹಚ್ಚಿ ಸಂಘದ ಹಾಲ್‌ನಲ್ಲಿ ತೋರಿಸೋದು ತಪ್ಪು, ಟಿಕೆಟ್ ಇಡದಿದ್ರೂ ತಪ್ಪು, ಆ ಚಂದಾ ಮನೇಲಿ ನೋಡೋಕೆ ಕೊಟ್ಟಿದ್ದು. ಸೆನ್ಸಾರ್ ಸರ್ಟಿಫಿಕೇಟ್‌ಗೆ ಮಾತ್ರ ಈಗ ಚಿಂತೆ ಇಲ್ಲ, 2023ರ ತಿದ್ದುಪಡಿ ಆದ ಮೇಲೆ ಅದು ಶಾಶ್ವತ.

ಇನ್ನು ಕೀ. ಈಗಿನ ಸಿನಿಮಾ ಥಿಯೇಟರ್‌ಗೆ ಬರೋದು ಡಿಸಿಪಿ ಅನ್ನೋ ಫೈಲಿನ ಕಟ್ಟಾಗಿ, ಹಾರ್ಡ್ ಡಿಸ್ಕ್‌ನಲ್ಲೋ ಸ್ಯಾಟಲೈಟ್, ಇಂಟರ್ನೆಟ್ ಮೂಲಕವೋ. ಕ್ಯೂಬ್, ಯುಎಫ್ಒ ಅಂತ ಕಂಪನಿಗಳು ಇದನ್ನ ನಡೆಸೋದು. ಫೈಲಿಗೆ ಬೀಗ ಹಾಕಿರ್ತಾರೆ, ಅದನ್ನ ತೆಗೆಯೋ ಕೀ ಬೇರೆ ಬರುತ್ತೆ, ಕೆಡಿಎಂ ಅಂತಾರೆ. ಆ ಕೀ ಒಂದೇ ಒಂದು ಥಿಯೇಟರ್‌ನ ಒಂದೇ ಸರ್ವರ್‌ಗೆ, ಇಂಥಾ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆ ತನಕ ಮಾತ್ರ ಕೆಲಸ ಮಾಡುತ್ತೆ. ಪಕ್ಕದ ಸ್ಕ್ರೀನ್‌ಗೆ ಶಿಫ್ಟ್ ಮಾಡಿದ್ರೆ ಆ ಕೀ ನಡೆಯಲ್ಲ, ಹೊಸದು ಬೇಕು.

ಒಂದ್ಸಲ ಉಪನಗರದ ಒಂದು ಹಾಲ್‌ನಲ್ಲಿ ನಮ್ಮ ಶೋ, ಜನ ಎಲ್ಲ ಕೂತಾಗಿದೆ, ಹತ್ತು ನಿಮಿಷ ಆದ್ರೂ ಪರದೆ ಬೆಳಗ್ಲಿಲ್ಲ. ನಾನು ಮೆಟ್ಟಿಲು ಹತ್ತಿ ಕ್ಯಾಬಿನ್‌ಗೆ ಹೋದೆ. ಆಪರೇಟರ್ ಕುಂದಾಪುರ ಕಡೆಯವ್ರು, ಅವ್ರು ಕಂಪ್ಯೂಟರ್ ಸ್ಕ್ರೀನ್ ತೋರಿಸಿ, "ಡಬ್ಬ ಬಂದಿತ್ ಮಾರಾಯ್ರೆ, ಕೀ ಬರ್ಲಿಲ್ಲ" ಅಂದ್ರು. ಹಳೇ ಕಾಲದ ಮಾತಲ್ಲೇ ಹೇಳಿದ್ರು, ಡಬ್ಬ ಅಂದ್ರೆ ಫೈಲು. ಸಿನಿಮಾದ ಹೆಸರಿನ ಎದುರು ಎರಡು ಸಾಲು ಇತ್ತು, ಒಂದು ಸಬ್‌ಟೈಟಲ್ ಇಲ್ಲದ್ದು, ಇನ್ನೊಂದು ಇಂಗ್ಲಿಷ್ ಸಬ್‌ಟೈಟಲ್ ಇರೋದು. ಬಂದಿದ್ದ ಕೀ ಮೊದಲನೇದಕ್ಕೆ, ಥಿಯೇಟರ್‌ನವ್ರು ಶೋಗೆ ಹಾಕಿಟ್ಟಿದ್ದು ಎರಡನೇದು. ಸಬ್‌ಟೈಟಲ್ ಇಲ್ಲದೇನೇ ಹಾಕ್ಸಿದ್ವಿ. ನಮಗೇನೋ ತೊಂದ್ರೆ ಇಲ್ಲ, ಆದ್ರೆ ಅವತ್ತು ಹಲವರು ಮರಾಠಿ ಗೆಳೆಯರನ್ನ ಕರ್ಕೊಂಡು ಬಂದಿದ್ರು, ಅವ್ರ ಪಾಡು ನೋಡಿ ನನಗೆ ಬಹಳ ಸಂಕಟ ಆಯ್ತು. ಹಾಗಾಗಿ ಶೋ ಮಾಡಿಸೋರು ಹಿಂದಿನ ದಿನವೇ ಆಪರೇಟರ್‌ಗೆ ಫೋನ್ ಮಾಡಿ ಯಾವ ವರ್ಷನ್, ಅದರದ್ದೇ ಕೀ ಬಂದಿದ್ಯಾ, ಎಷ್ಟು ಗಂಟೆ ತನಕ ನಡೆಯುತ್ತೆ, ಐದು ನಿಮಿಷ ಹಾಕಿ ನೋಡಿದ್ರಾ ಅಂತ ಕೇಳ್ಬೇಕು, ಮ್ಯಾನೇಜರ್‌ಗಲ್ಲ, ಆಪರೇಟರ್‌ಗೇ.

ಅದೇ ಫೋನ್‌ನಲ್ಲಿ ಇನ್ನೊಂದು ಕೇಳಿ. ಬಹಳಷ್ಟು ಹಳೇ ಸಿನಿಮಾದ ಚಿತ್ರ ಈಗಿನಷ್ಟು ಅಗಲ ಇಲ್ಲ, ಎತ್ತರ 1 ಅಂದ್ರೆ ಅಗಲ 1.37. ಇದನ್ನ ಸರಿಯಾಗಿ ತೋರಿಸಿದ್ರೆ ಪರದೆಯ ಎರಡೂ ಬದಿ ಕಪ್ಪು ಜಾಗ ಉಳಿಯುತ್ತೆ. ಕೆಲವು ಕಡೆ ಜನ ಗಲಾಟೆ ಮಾಡ್ತಾರೆ ಅಂತ ಹಿಗ್ಗಿಸಿ ಪೂರ್ತಿ ಪರದೆ ತುಂಬಿಸ್ತಾರೆ, ಆಗ ತಲೆ ಮೇಲಿನ ಭಾಗವೂ ಪಾದವೂ ಕಟ್ ಆಗುತ್ತೆ, ಇಲ್ಲ ಅಂದ್ರೆ ಎಲ್ರೂ ದಪ್ಪ ಕಾಣ್ತಾರೆ. ಕಪ್ಪು ಪಟ್ಟಿ ಕಂಡ್ರೆ ಅದು ಸರಿಯಾಗಿ ತೋರಿಸ್ತಿರೋ ಲಕ್ಷಣ.

ಥಿಯೇಟರ್ ಗಿಟ್ಟದೇ ಇದ್ರೆ ಫಿಲ್ಮ್ ಸೊಸೈಟಿ ದಾರಿ ಇದೆ. ಸತ್ಯಜಿತ್ ರಾಯ್ ಅಧ್ಯಕ್ಷರಾಗಿ 1959ರಲ್ಲಿ ಶುರುವಾದ ಫಿಲ್ಮ್ ಸೊಸೈಟಿಗಳ ಒಕ್ಕೂಟ ಇದೆ, ಮುಂಬೈನ ಪ್ರಭಾತ್ ಚಿತ್ರ ಮಂಡಳ 1968ರಿಂದ ಇದೆ. ಇಲ್ಲಿ ಟಿಕೆಟ್ ಮಾರಲ್ಲ, ಸದಸ್ಯರಾಗಿ ವರ್ಷದ ಚಂದಾ ಕಟ್ಟಿ ನೋಡೋದು, ವ್ಯಾಪಾರ ಅಲ್ಲ ಅಂತ ಆದ್ದರಿಂದ ಎಷ್ಟೋ ಪ್ರೊಡ್ಯೂಸರ್‌ಗಳು, ನಿರ್ದೇಶಕರು ಕಡಿಮೆ ದುಡ್ಡಿಗೆ ಸಿನಿಮಾ ಕೊಡ್ತಾರೆ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್ ಇದೆ, ಕರ್ನಾಟಕ ಸಂಘ ಇದೆ, ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆಗೆ ಜನ ಸೇರೋ ಅಭ್ಯಾಸ ಮೊದ್ಲಿಂದ ಇದೆ. ಒಂದು ಕನ್ನಡ ಫಿಲ್ಮ್ ಸೊಸೈಟಿ ನಿಯಮ ಪ್ರಕಾರ ನೋಂದಣಿ ಮಾಡಿ ತಿಂಗಳಿಗೊಂದು ಸಿನಿಮಾ ಅಂತ ನಡೆಸಿದ್ರೆ, ಬರೋಬ್ಬರಿ ಆಗುತ್ತೆ. ನಿರ್ದೇಶಕರೂ ಕರೆದ್ರೆ ಬರ್ತಾರೆ, ಮುಂಬೈಗೆ ಬೇರೆ ಕೆಲಸಕ್ಕೆ ಬಂದೇ ಬರ್ತಿರ್ತಾರೆ.

ಥಿಯೇಟರ್‌ನಲ್ಲೇ ಆಗ್ಬೇಕು ಅಂದ್ರೆ ನಾವು ಪ್ರೇಕ್ಷಕರು ಮಾಡೋ ಕೆಲಸ ಒಂದೇ, ಟಿಕೆಟ್ ಬೇಗ ತಗೊಳ್ಳೋದು. ಮುಂದಿನ ವಾರ ಯಾವ ಸಿನಿಮಾಕ್ಕೆ ಎಷ್ಟು ಶೋ ಅಂತ ಮಲ್ಟಿಪ್ಲೆಕ್ಸ್‌ನವ್ರು ನಿರ್ಧಾರ ಮಾಡೋದು ಶುಕ್ರವಾರದಿಂದ ಭಾನುವಾರದ ಲೆಕ್ಕ ನೋಡಿ, ಜೊತೆಗೆ ಅಡ್ವಾನ್ಸ್ ಬುಕಿಂಗ್ ನೋಡಿ. ನಮ್ಮವ್ರು ಗೇಟ್ ಹತ್ರ ಹೋಗಿ ತಗೊಂಡ್ರಾಯ್ತು ಅಂತ ಇರ್ತಾರೆ, ಶನಿವಾರ ರಾತ್ರಿ ತನಕ ಬುಕಿಂಗ್ ಚಾರ್ಟ್‌ನಲ್ಲಿ ನಾಲ್ಕು ಸೀಟು ಕಂಡ್ರೆ ಆ ಶೋನೇ ಕ್ಯಾನ್ಸಲ್ ಮಾಡ್ತಾರೆ, ಬೆಳಗ್ಗೆ ಐವತ್ತು ಜನ ಬಂದು ವಾಪಸ್ ಹೋಗ್ತಾರೆ. ಬುಕಿಂಗ್ ತೆರೆದ ದಿನವೇ ತಗೊಳ್ಳಿ, ಹೋಟೆಲ್‌ನಲ್ಲಿರೋ ನಿಮ್ಮ ಅಣ್ಣ ತಮ್ಮಂದಿರಿಗೆ ಯಾವ ಹೊತ್ತು ಅನುಕೂಲ ಅಂತ ಮೊದ್ಲೇ ಕೇಳಿ ಸಂಘದವ್ರಿಗೆ ತಿಳಿಸಿ, ಇಪ್ಪತ್ತು ಮೂವತ್ತು ಸೀಟು ಒಟ್ಟಿಗೆ ಬೇಕಾದ್ರೆ ನೇರ ಥಿಯೇಟರ್ ಮ್ಯಾನೇಜರ್ ಹತ್ರ ಮಾತಾಡಿ.